ಗೋಡೆಯೊಳಗಿನ ತೇವ

*ಇಂದಿನ ಧಮ್ಮ ಚಿಂತನೆ*



ಕ್ಯಾಲಿಫೋರ್ನಿಯಾದ ನಮ್ಮ ಮನೆಯ ಹೊರಗೋಡೆಗೆ ಮರದ ಹಲಗೆ ಹೊದಿಸಿತ್ತು. ಇಲ್ಲಿ ಬೇಸಿಗೆ ಬಂದರೆ ಕಾಡ್ಗಿಚ್ಚಿನ ಭಯ. ಮರಕ್ಕೆ ಗೆದ್ದಲಿನ ಕಾಟ ಬೇರೆ, ಕೆಲವು ವರ್ಷಕ್ಕೊಮ್ಮೆ ಬಣ್ಣದ ಖರ್ಚು ಬೇರೆ. ಅದಕ್ಕೇ ಹಲಗೆ ತೆಗೆಸಿ ಸ್ಟಕ್ಕೋ ಮಾಡಿಸಲು ಹೊರಟೆವು. ಸ್ಟಕ್ಕೋ ಅಂದರೆ ಸಿಮೆಂಟು, ಸುಣ್ಣ, ಮರಳು ಕಲಸಿದ ಗಾರೆಯೇ. ನಮ್ಮೂರಲ್ಲಿ ಇಟ್ಟಿಗೆ ಗೋಡೆಗೆ ಬಳಿಯುತ್ತೇವೆ, ಇಲ್ಲಿ ಮರದ ಚೌಕಟ್ಟಿನ ಮನೆಗೂ ಬಳಿಯುತ್ತಾರೆ.

"ಹಳೇ ಹಲಗೆ ಮೇಲೇ ಜಾಲರಿ ಹೊಡೆದು ಗಾರೆ ಬಳಿದುಬಿಡಿ, ಖರ್ಚು ಉಳಿಯುತ್ತೆ" ಅಂದೆ. ಮೇಸ್ತ್ರಿ ಮಾತಾಡಲಿಲ್ಲ. ಕಿಟಕಿಯ ಕೆಳಗೆ ಸ್ಕ್ರೂಡ್ರೈವರ್ ಒತ್ತಿದರು. ಮೇಲೆ ಬಣ್ಣ ಚೆನ್ನಾಗಿಯೇ ಇತ್ತು. ಸ್ಕ್ರೂಡ್ರೈವರ್ ಮಾತ್ರ ಕಳಿತ ಬಾಳೆಹಣ್ಣಿಗೆ ಚುಚ್ಚಿದ ಹಾಗೆ ಒಳಗಿಳಿಯಿತು. ಹಲಗೆ ಕಿತ್ತು ನೋಡಿದರೆ ಒಳಗಿನ ಮರವೂ ಕಪ್ಪಗೆ ಕೊಳೆತಿತ್ತು. ಎಷ್ಟೋ ವರ್ಷದ ಮಳೆನೀರು ಕಿಟಕಿಯ ಸಂದಿಯಿಂದ ಸದ್ದಿಲ್ಲದೆ ಇಳಿದಿತ್ತು.

ಕೊಳೆತದ್ದನ್ನು ಕತ್ತರಿಸಿ ಹೊಸ ಮರ ಕೂರಿಸಿದರು. ಕಿಟಕಿಯ ಸುತ್ತ ತಗಡಿನ ಪಟ್ಟಿ, ಅದರ ಮೇಲೆ ನೀರು ತಡೆಯುವ ಕಾಗದ 2 ಪದರ, ತಂತಿ ಜಾಲರಿ, ಆಮೇಲೆ ಗಾರೆ 3 ಕೋಟು. ಮೊದಲ ಕೋಟನ್ನು 2 ದಿನ ನೀರು ಚಿಮುಕಿಸಿ ಹದವಾಗಿಟ್ಟರು, ಎರಡನೆಯದಾದ ಮೇಲೆ 7 ದಿನ ಕಾದರು. ಅವಸರ ಮಾಡಿದರೆ ಗೋಡೆ ಬಿರುಕು ಬಿಡುತ್ತದೆ.

ಆ ಕೆಲಸ ನಡೆಯುವಾಗಲೇ ಕೋಲಾರದಿಂದ ತಂಗಿಯ ಫೋನು ಬಂತು. ಮಗನಿಗೆ ಹೆಣ್ಣು ನೋಡಿದ್ದಳು. ಹುಡುಗಿಯ ಮನೆಯವರೂ ದೀಕ್ಷೆ ತಗೊಂಡವರು, ವಿಹಾರಕ್ಕೆ ಬರುವವರು. ನನ್ನ ಬಾಯಿಂದ ಮೊದಲು ಬಂದ ಮಾತು: "ಅವರು ಬಲಗೈನೋ, ಎಡಗೈನೋ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ನೀನೂ ಅದನ್ನೇ ಕೇಳ್ತೀಯಾ?" ಅಂದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಮನೆಯಲ್ಲಿ ಬುದ್ಧನ ಮೂರ್ತಿ ಇದೆ, ಬಾಬಾಸಾಹೇಬರ ಪಟ ಇದೆ, ಭಾನುವಾರ ತಪ್ಪದೆ ವಂದನೆ ನಡೆಯುತ್ತದೆ. ಮೇಲಿನ ಬಣ್ಣ ಚೆನ್ನಾಗಿಯೇ ಇತ್ತು. ತಂಗಿಯ ಒಂದು ಪ್ರಶ್ನೆ ಒಳಗಿನ ಕೊಳೆತಕ್ಕೆ ಚುಚ್ಚಿತ್ತು. ಯಾವ ಜಾತಿ ನಮ್ಮನ್ನು ಕೇರಿಗೆ ತಳ್ಳಿತೋ, ಅದೇ ಜಾತಿಯನ್ನು ನಾನು ಇಷ್ಟು ದೂರ ಹೊತ್ತು ತಂದಿದ್ದೆ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳ ಕ್ರಮವನ್ನು ಗಮನಿಸಿ. ಅವು ಶುರುವಾಗುವುದೇ ಹಳೆಯದನ್ನು ಬಿಡುವುದರಿಂದ. ಎಲ್ಲ ಮನುಷ್ಯರೂ ಸಮಾನರು, ಆ ಸಮಾನತೆಗಾಗಿ ದುಡಿಯುತ್ತೇನೆ ಎಂಬ ಮಾತುಗಳು ಆಮೇಲೆ. ಕದಿಯದಿರುವುದು ಮೊದಲಾದ ಶೀಲಗಳು ಅದಕ್ಕೂ ಮುಂದೆ. ಕೊಳೆತದ್ದನ್ನು ತೆಗೆಯದೆ ಮೇಲೆ ಗಾರೆ ಬಳಿಯುವ ದಾರಿ ಅಲ್ಲಿಲ್ಲ.

ಮೇಸ್ತ್ರಿಯಿಂದ ಇನ್ನೊಂದು ಪಾಠ ಕಲಿತೆ. ಸ್ಟಕ್ಕೋ ನೀರನ್ನು ಪೂರ್ತಿ ತಡೆಯುವುದಿಲ್ಲ. ಒಳಗೆ ಹೋದ ತೇವ ಹೊರಬರಲೆಂದು ಗೋಡೆಯ ತಳದಲ್ಲಿ, ನೆಲದಿಂದ 4 ಅಂಗುಲ ಮೇಲೆ, ರಂಧ್ರವಿರುವ ಪಟ್ಟಿ ಹಾಕುತ್ತಾರೆ. ಅದನ್ನು ಮುಚ್ಚಿದರೆ ಗೋಡೆ ಮತ್ತೆ ಕೊಳೆಯುತ್ತದೆ. ಮನಸ್ಸಿಗೂ ಅಂಥ ದಾರಿ ಬೇಕು. ವರ್ಷಾವಾಸ ಮುಗಿದ ದಿನ ಭಿಕ್ಕುಗಳು ಪವಾರಣೆ ಮಾಡುತ್ತಾರೆ: ನನ್ನಲ್ಲಿ ತಪ್ಪು ಕಂಡಿದ್ದರೆ, ಕೇಳಿದ್ದರೆ, ಅನುಮಾನವಿದ್ದರೆ ಹೇಳಿ ಎಂದು ಸಂಘವನ್ನು ಬೇಡಿಕೊಳ್ಳುತ್ತಾರೆ. ನನಗೆ ಅದನ್ನು ಹೇಳಿದವಳು ತಂಗಿ.

ಮರುದಿನ ಅವಳಿಗೆ ಫೋನು ಮಾಡಿ, "ತಪ್ಪಾಯ್ತಮ್ಮ. ಹುಡುಗ ಹುಡುಗಿ ಒಪ್ಪಿದ್ದಾರಾ? ಅಷ್ಟು ಹೇಳು ಸಾಕು" ಅಂದೆ. ಒಪ್ಪಿದ್ದರು.

*ಇಂದಿನ ಅಭ್ಯಾಸ:* ಮನೆಯಲ್ಲಿ ನಿಮಗಿಂತ ಚಿಕ್ಕವರೊಬ್ಬರನ್ನು ಕೂರಿಸಿಕೊಂಡು, "ನನ್ನ ಮಾತಲ್ಲಿ, ನಡತೆಯಲ್ಲಿ ಜಾತಿ ಎಲ್ಲಿ ಉಳಿದಿದೆ?" ಎಂದು ಕೇಳಿ. ಅವರು ಹೇಳಿ ಮುಗಿಸುವವರೆಗೆ ಎದುರು ಮಾತಾಡಬೇಡಿ.

ಭವತು ಸಬ್ಬ ಮಂಗಲಂ. ಜೈ ಭೀಮ್.