ಬಿಸಿನೀರಿಗೆ ಪ್ರಮಾಣಪತ್ರ ಸಿಗುತ್ತದೆಯೇ?

ಅಮ್ಮಾ, ಮೆಲ್ಬರ್ನ್‌ನಲ್ಲಿರುವ ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ. ಆಸ್ಟ್ರೇಲಿಯಾದಲ್ಲಿ ಮನೆಗೆ ಸೋಲಾರ್ ವಾಟರ್ ಹೀಟರ್ ಹಾಕಿಸಿದರೆ, ಅದು ಉಳಿಸುವ ಕರೆಂಟನ್ನು ಮೊದಲೇ ಅಂದಾಜಿಸಿ ಮಾರಬಹುದಾದ ಪ್ರಮಾಣಪತ್ರ ಕೊಡುತ್ತಾರೆ. ನರಸಾಪುರದ ನಿಮ್ಮ ತಾರಸಿಗೆ ಮಾತ್ರ ಆ ಭಾಗ್ಯವಿಲ್ಲ. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ 2010ರಲ್ಲಿ ತಂದ ವ್ಯವಸ್ಥೆಯಲ್ಲಿ ಒಂದು ಪ್ರಮಾಣಪತ್ರವೆಂದರೆ 1,000 ಯೂನಿಟ್ ಹಸಿರು ವಿದ್ಯುತ್. ಕರೆಂಟೇ ಹುಟ್ಟಬೇಕು, ಮೀಟರ್ ಅದನ್ನು ಅಳೆಯಬೇಕು. ನಿಮ್ಮಲ್ಲಿ ಹುಟ್ಟುವುದು ಬಿಸಿನೀರು.

ಆದರೂ ಲೆಕ್ಕ ಕೇಳಿದ್ದೀರಿ, ಹಾಕೋಣ. 200 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೆ ಏರಲು 200 × 35, ಅಂದರೆ 7,000 ಕಿಲೋಕ್ಯಾಲರಿ ಬೇಕು. ಒಂದು ಯೂನಿಟ್ ಕರೆಂಟ್ 860 ಕಿಲೋಕ್ಯಾಲರಿಗೆ ಸಮ. ಭಾಗಿಸಿದರೆ ದಿನಕ್ಕೆ ಸುಮಾರು 8 ಯೂನಿಟ್. ಮೋಡದ ದಿನ ಬಿಟ್ಟು ವರ್ಷಕ್ಕೆ 300 ದಿನ ಹಿಡಿದರೆ 2,400 ಯೂನಿಟ್. ಕಾಗದದ ಮೇಲೆ ಎರಡು ಪ್ರಮಾಣಪತ್ರ! ಟ್ಯಾಂಕಿನ ನೀರನ್ನೆಲ್ಲ ದಿನವೂ ಬಳಸಿದರೆ ಮಾತ್ರ ಈ ಲೆಕ್ಕ. ನೀವಿಬ್ಬರೇ ಇದ್ದೀರಿ, ಅರ್ಧ ಬಳಸಿದರೆ ಉಳಿತಾಯವೂ ಅರ್ಧ.

ಪ್ರಮಾಣಪತ್ರ ಮಾಡಿಸಿಕೊಡುತ್ತೇನೆಂದು ಮುಂಗಡ ಕೇಳಿದವನಿಗೆ ಕಾಫಿ ಕೊಟ್ಟು ಕಳಿಸಿ, ದುಡ್ಡು ಬೇಡ. ಆ ಹಣದಲ್ಲಿ ಟ್ಯಾಂಕ್, ಕೊಳವೆಗಳನ್ನು ತೊಳೆಸಿ. ನಮ್ಮ ಕೋಲಾರದ ಕಡೆಯ ಬೋರ್‌ವೆಲ್ ನೀರು ಗಡುಸು; ಒಳಗೆ ಬಿಳಿ ಪದರ ಕಟ್ಟಿದರೆ ನೀರು ಸರಿಯಾಗಿ ಕಾಯುವುದಿಲ್ಲ.