ಬೇಸಿಗೆಯಲ್ಲಿ ಅಣಬೆ ಕೋಣೆಯನ್ನು ತಂಪಾಗಿಡುವುದು ಹೇಗೆ?

ಪಶುವೈದ್ಯರಿಗೂ ಅಣಬೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಸಂಘಕ್ಕೆ ಹಾಲು ಹಾಕುವ ಅನೇಕ ಸದಸ್ಯೆಯರು ಈಗ ಮನೆಯ ಹಿಂದಿನ ಕೋಣೆಯಲ್ಲಿ ಚಿಪ್ಪು ಅಣಬೆ ಬೆಳೆಯುತ್ತಿದ್ದಾರೆ. ಅದಕ್ಕೆ ಬೇಕಾದ ಹುಲ್ಲು ಹಸುವಿನ ಬಣವೆಯಿಂದಲೇ ಬರುತ್ತದೆ. ಬೇಸಿಗೆಯಲ್ಲಿ ಕೋಣೆ ಕಾದು ಚೀಲಗಳು ಕೆಟ್ಟರೆ ಅಣಬೆಯೂ ಇಲ್ಲ, ಮೇವೂ ಇಲ್ಲ. ಮಾರ್ಚ್‌ನಿಂದ ಮೇವರೆಗೆ ಹುಲ್ಲಿಗೆ ಎಷ್ಟು ಪರದಾಟ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ.

ಚಿಪ್ಪು ಅಣಬೆ ಮೂಲತಃ ಮರದ ಮೇಲೆ ಬೆಳೆಯುವ ಜೀವಿ. ಮಳೆಗಾಲದಲ್ಲಿ ಸತ್ತ ಮರದ ದಿಮ್ಮಿಯ ಮೇಲೆ ಬೀಸಣಿಗೆಯಂತೆ ಪದರ ಪದರವಾಗಿ ಏಳುವ ಅಣಬೆಗಳನ್ನು ನೋಡಿರುತ್ತೀರಿ, ಅದೇ ಕುಲದ್ದು. ಮರದ ನಾರನ್ನು ಕರಗಿಸಿ ತಿನ್ನುವ ಶಕ್ತಿ ಇರುವುದರಿಂದಲೇ ಅದು ಭತ್ತದ ಹುಲ್ಲು, ಜೋಳದ ದಂಟು, ಅಡಿಕೆ ಹಾಳೆಯ ಮೇಲೂ ಬೆಳೆಯುತ್ತದೆ. ಕಾಡಿನ ನೆರಳು, ಒದ್ದೆ ಗಾಳಿ, ತಂಪು, ಈ ಮೂರನ್ನೂ ನಾವು ಹತ್ತಡಿ ಕೋಣೆಯೊಳಗೆ ಒದಗಿಸಬೇಕು. ಬಿಳಿ ಚಿಪ್ಪು ಅಣಬೆಗೆ 20ರಿಂದ 25 ಡಿಗ್ರಿ ಸೆಲ್ಸಿಯಸ್ ಹಿತ. ಬೂದು ಬಣ್ಣದ ಸಾಜೋರ್ ಕಾಜು 28ರವರೆಗೆ ತಡೆಯುತ್ತದೆ. ಗುಲಾಬಿ ಚಿಪ್ಪು ಅಣಬೆ 30ರ ಆಸುಪಾಸಿನಲ್ಲೂ ಬರುತ್ತದೆ, ಆದರೆ ಕೊಯ್ದ ಮೇಲೆ ಬೇಗ ಬಾಡುತ್ತದೆ. ಅದೇ ದಿನ ಕೊಳ್ಳುವವರಿದ್ದರೆ ಮಾತ್ರ ಅದಕ್ಕೆ ಕೈ ಹಾಕಿ.

ಶಾಖ ಎಲ್ಲಿಂದ ಬರುತ್ತದೆ?

ಸೂರಿನಿಂದ ಬರುವ ಬಿಸಿಲು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಮೋಸ ಮಾಡುವುದು ಚೀಲದ ಒಳಗಿನ ಶಾಖ. ತಿಪ್ಪೆಯನ್ನು ಕೆದಕಿದರೆ ಒಳಗೆ ಬಿಸಿ ಇರುತ್ತದೆಯಲ್ಲ, ಹಾಗೆಯೇ ಅಣಬೆಯ ಬಿಳಿ ಎಳೆಗಳು ಹುಲ್ಲನ್ನು ತಿನ್ನುವಾಗಲೂ ಶಾಖ ಹುಟ್ಟುತ್ತದೆ. ಬೀಜ ಹಾಕಿದ ಮೊದಲ ಎರಡು ವಾರ ಇದು ಜೋರು. ಕೋಣೆಯಲ್ಲಿ 30 ಡಿಗ್ರಿ ಇದ್ದರೆ ಚೀಲದ ನಡುವೆ 34, 35 ಇರಬಹುದು. ಅಷ್ಟಾದರೆ ಅಣಬೆಯ ಎಳೆಗಳು ಸೊರಗುತ್ತವೆ, ಶಾಖಕ್ಕೆ ಹೆದರದ ಹಸಿರು ಬೂಷ್ಟು ಆ ಜಾಗ ಹಿಡಿಯುತ್ತದೆ. ಬೀಜ ಸರಿ ಇರಲಿಲ್ಲ ಎಂದು ಎಷ್ಟೋ ಜನ ಬೀಜದವರನ್ನು ಬೈಯುತ್ತಾರೆ. ಚೀಲದ ನಡುವೆ ಒಂದು ಥರ್ಮಾಮೀಟರ್ ಚುಚ್ಚಿ ನೋಡಿದ್ದರೆ ಬೇರೆಯೇ ಕಾರಣ ತಿಳಿಯುತ್ತಿತ್ತು.

ಆದ್ದರಿಂದ ಬೇಸಿಗೆಯಲ್ಲಿ ದಪ್ಪ ಚೀಲ ಕಟ್ಟಬೇಡಿ. ತೆಳ್ಳಗಿನ ಚೀಲದಲ್ಲಿ ಶಾಖ ಬೇಗ ಹೊರಗೆ ಹೋಗುತ್ತದೆ. ಚೀಲಗಳನ್ನು ಒಂದರ ಮೇಲೊಂದು ಪೇರಿಸಬಾರದು. ಹಗ್ಗಕ್ಕೆ ನೇತುಹಾಕಿ, ಚೀಲ ಚೀಲದ ನಡುವೆ ಒಂದು ಗೇಣು ಬಿಡಿ. ಮೇಲಿನ ಸಾಲು ಸೂರಿಗೆ ಹತ್ತಿರ ಇರದಿರಲಿ, ಬಿಸಿಗಾಳಿ ಮೇಲೆಯೇ ನಿಲ್ಲುತ್ತದೆ. ಬಿಸಿನೀರಿನಲ್ಲಿ ಬೇಯಿಸಿದ ಹುಲ್ಲು ಪೂರ್ತಿ ಆರಿದೆಯೇ ಎಂದು ಕೈಯನ್ನು ರಾಶಿಯ ನಡುವೆ ಇಟ್ಟು ನೋಡಿದ ಮೇಲೆಯೇ ಬೀಜ ಹಾಕಿ. ಬೇಸಿಗೆಯ ಮಧ್ಯಾಹ್ನ ರಾಶಿ ಹೊರಗೆ ತಣ್ಣಗಾದಂತೆ ಕಂಡು ಒಳಗೆ ಬೆಚ್ಚಗೇ ಇರುತ್ತದೆ. ಸಂಜೆ ಬೇಯಿಸಿ, ರಾತ್ರಿ ಆರಿಸಿ, ಬೆಳಗಿನ ಹಾಲು ಹಾಕಿ ಬಂದ ಮೇಲೆ ಚೀಲ ತುಂಬುವುದು ಒಳ್ಳೆಯದು. ಬೀಜದ ಪೊಟ್ಟಣವನ್ನೂ ಬಿಸಿಲಿನ ಬಸ್ಸಿನಲ್ಲಿ ತರಬೇಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ತರಲಿ, ಬೇರೆಡೆಯಿಂದ ತರಲಿ, ಬೆಳಗಿನ ಹೊತ್ತೇ ಪ್ರಯಾಣ ಮಾಡಿ.

ಸೂರಿಗೆ ಬಂದರೆ, ಹಂಚು ಅಥವಾ ಸೋಗೆಯ ಮನೆಯವರು ಪುಣ್ಯವಂತರು. ತಗಡಿನ ಶೀಟ್ ಇದ್ದರೆ ಮೇಲೆ ಸುಣ್ಣ ಬಳಿದು, ಅದರ ಮೇಲೆ ತೆಂಗಿನ ಗರಿ ಹೊದಿಸಿ. ಗರಿಗೂ ಶೀಟಿಗೂ ನಡುವೆ ಬಿದಿರು ಕೊಟ್ಟು ನಾಲ್ಕು ಬೆರಳು ಗಾಳಿ ಆಡಲು ಬಿಡುವುದನ್ನು ಮರೆಯಬೇಡಿ. ಇಷ್ಟನ್ನು ಮಾಡದೆ ಒಳಗೆ ನೀರು ಎರಚುವುದು ತೂತು ಬಕೆಟ್ ತುಂಬಿಸಿದ ಹಾಗೆ.

ನೀರು ತಂಪು ಮಾಡುವುದಿಲ್ಲ, ನೀರು ಆರುವುದು ತಂಪು ಮಾಡುತ್ತದೆ

ಈ ಒಂದು ಮಾತು ಅರ್ಥವಾದರೆ ಮಿಕ್ಕಿದ್ದು ಸುಲಭ. ಬೇಸಿಗೆಯಲ್ಲಿ ಹಸುವಿನ ಮೈ ತೋಯಿಸಿ ಫ್ಯಾನ್ ಹಾಕಿ ಎಂದು ನಾವು ಹೇಳುತ್ತೇವೆ. ಫ್ಯಾನ್ ಇಲ್ಲದೆ, ಕಿಟಕಿ ಇಲ್ಲದ ಕೊಟ್ಟಿಗೆಯಲ್ಲಿ ಬರೀ ನೀರು ಹಾಕಿದರೆ ಸ್ವಲ್ಪ ಹೊತ್ತಿಗೆ ಹಬೆ ಕಟ್ಟಿದಂತಾಗಿ ಹಸು ಇನ್ನೂ ಹೆಚ್ಚು ಏದುಸಿರು ಬಿಡುತ್ತದೆ. ಮೈಮೇಲಿನ ನೀರು ಆವಿಯಾಗಿ ಹೋಗುವಾಗ ಶಾಖವನ್ನು ಹೊತ್ತೊಯ್ಯುತ್ತದೆ. ಗಾಳಿ ಆಗಲೇ ಒದ್ದೆಯಾಗಿದ್ದರೆ ನೀರು ಆರುವುದಿಲ್ಲ, ಶಾಖವೂ ಹೋಗುವುದಿಲ್ಲ. ಅಣಬೆ ಕೋಣೆಯಲ್ಲೂ ಇದೇ ಲೆಕ್ಕ.

ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲರಿ ಶಾಖ ಹೀರುತ್ತದೆ. ಒಂದು ಕಿಲೋ ಐಸ್ ಕರಗಲು ಹೀರುವುದು 80 ಮಾತ್ರ. ಅಂದರೆ ಗೋಣಿಚೀಲದಿಂದ ಆರಿಹೋದ ಒಂದು ಲೀಟರ್ ನೀರು, ದುಡ್ಡು ಕೊಟ್ಟು ತಂದ ಏಳು ಕಿಲೋ ಐಸಿನ ಕೆಲಸ ಮಾಡುತ್ತದೆ. ಐಸ್ ತಂದು ಬಕೆಟ್ಟಿನಲ್ಲಿ ಇಡುವವರು ಇದನ್ನು ಗಮನಿಸಿ.

ಹಾಗಾದರೆ ಕೋಣೆ ಎಷ್ಟು ತಂಪಾಗಬಲ್ಲದು? ಇದನ್ನು ಖರ್ಚು ಮಾಡುವ ಮೊದಲೇ ತಿಳಿಯಬಹುದು. ಒಂದೇ ರೀತಿಯ ಎರಡು ಥರ್ಮಾಮೀಟರ್ ತನ್ನಿ. ಒಂದರ ತುದಿಗೆ ಹಳೆಯ ತೆಳು ಹತ್ತಿ ಬಟ್ಟೆ ಸುತ್ತಿ, ಬಟ್ಟೆಯ ಇನ್ನೊಂದು ತುದಿ ನೀರಿನ ಸೀಸೆಯಲ್ಲಿರಲಿ. ಮಧ್ಯಾಹ್ನ ಎರಡು ಮೂರು ಗಂಟೆಗೆ ಹೊರಗೆ ನೆರಳಿನಲ್ಲಿ ಎರಡನ್ನೂ ತೂಗುಹಾಕಿ, ಐದು ನಿಮಿಷ ಬೀಸಣಿಗೆಯಿಂದ ಗಾಳಿ ಹಾಕಿ ಓದಿ. ಒದ್ದೆ ಬಟ್ಟೆಯ ಥರ್ಮಾಮೀಟರ್ ತೋರಿಸುವುದೇ ನೀರಿನಿಂದ ಸಿಗುವ ತಂಪಿನ ಕೊನೆಯ ಗಡಿ. ಗೋಣಿ ಪರದೆ, ಫ್ಯಾನ್ ಎಲ್ಲ ಸೇರಿ, ಎರಡು ಓದುಗಳ ನಡುವಿನ ಅಂತರದ ಅರ್ಧದಿಂದ ಮುಕ್ಕಾಲು ಪಾಲು ಇಳಿಸಬಹುದು. ಅದಕ್ಕಿಂತ ಹೆಚ್ಚು ಯಾರು ಹೇಳಿದರೂ ನಂಬಬೇಡಿ.

ಉದಾಹರಣೆಗೆ, ಕೋಲಾರ, ಚಿತ್ರದುರ್ಗದಂಥ ಒಣ ಸೀಮೆಯಲ್ಲಿ ಏಪ್ರಿಲ್ ಮಧ್ಯಾಹ್ನ ಶಾಖ 36 ಡಿಗ್ರಿ, ಗಾಳಿಯ ತೇವಾಂಶ ಶೇಕಡಾ 25 ಎಂದುಕೊಳ್ಳಿ. ಒದ್ದೆ ಬಟ್ಟೆ ಸುಮಾರು 21.5 ತೋರಿಸುತ್ತದೆ. ಅಂತರ ಹದಿನಾಲ್ಕೂವರೆ. ಮುಕ್ಕಾಲು ಪಾಲು ಇಳಿಸಿದರೆ ಕೋಣೆಗೆ ಬರುವ ಗಾಳಿ 25ಕ್ಕೆ ಬರುತ್ತದೆ, ಅರ್ಧ ಇಳಿಸಿದರೂ 29. ಅಲ್ಲಿ ಪ್ರಯತ್ನಪಡುವುದು ಸಾರ್ಥಕ. ಈಗ ಕರಾವಳಿಗೆ ಬನ್ನಿ. ಉಡುಪಿಯ ಕಡೆ 33 ಡಿಗ್ರಿ, ತೇವಾಂಶ ಶೇಕಡಾ 70 ಇದ್ದ ದಿನ ಒದ್ದೆ ಬಟ್ಟೆಯೇ 28ರ ಮೇಲೆ ನಿಲ್ಲುತ್ತದೆ. ಎಷ್ಟೇ ನೀರು ಸುರಿದರೂ ಕೋಣೆ 29ರ ಕೆಳಗೆ ಇಳಿಯುವುದು ಕಷ್ಟ. ಅಲ್ಲಿನ ಅಕ್ಕಂದಿರಿಗೆ ನನ್ನ ಸಲಹೆ, ಏಪ್ರಿಲ್, ಮೇನಲ್ಲಿ ಬಿಳಿ ಚಿಪ್ಪು ಅಣಬೆ ನಿಲ್ಲಿಸಿ, ಮಳೆ ಹಿಡಿದ ಮೇಲೆ ಶುರುಮಾಡಿ. ಬೇಕೇ ಬೇಕೆಂದರೆ ಹಾಲು ಅಣಬೆ ಇದೆ. ಅದು 30ರಿಂದ 35 ಡಿಗ್ರಿಯಲ್ಲೇ ಚೆನ್ನಾಗಿ ಬರುತ್ತದೆ. ಆದರೆ ಅದು ಮರದ ಅಣಬೆಯಲ್ಲ, ಚೀಲದ ಮೇಲೆ ಮಣ್ಣಿನ ಹೊದಿಕೆ ಕೇಳುತ್ತದೆ. ಅದರ ಪಾಠವೇ ಬೇರೆ.

ಕೋಣೆಯ ಏರ್ಪಾಡು

ಗಾಳಿ ಬರುವ ಕಡೆಯ ಕಿಟಕಿಗೆ ಎರಡು ಪದರ ಗೋಣಿ ಕಟ್ಟಿ, ಮೇಲೆ ಸಣ್ಣ ತೂತುಗಳ ಪೈಪಿನಿಂದ ನೀರು ಹನಿಯುತ್ತಿರಲಿ. ಎದುರು ಗೋಡೆಯಲ್ಲಿ, ಎತ್ತರದಲ್ಲಿ, ಗಾಳಿ ಹೊರಗೆಳೆಯುವ ಸಣ್ಣ ಫ್ಯಾನ್ ಇಡಿ. ಕೋಣೆಯೊಳಗೆ ತಿರುಗುವ ಫ್ಯಾನ್ ಸಾಲದು, ಅದು ಇದ್ದ ಒದ್ದೆ ಗಾಳಿಯನ್ನೇ ಸುತ್ತಿಸುತ್ತದೆ. ಒಣ ಗಾಳಿ ಗೋಣಿಯ ಮೂಲಕ ಒಳಬರಬೇಕು, ಒದ್ದೆ ಗಾಳಿ ಮೇಲಿಂದ ಹೊರಹೋಗಬೇಕು. ನೆಲಕ್ಕೆ ಮೂರು ಬೆರಳು ಮರಳು ಹಾಸಿ ಒದ್ದೆ ಮಾಡಿಡಿ. ಫ್ಯಾನಿನ ತಂತಿ ಒದ್ದೆಯಿಂದ ದೂರ ಇರಲಿ, ಆ ಲೈನಿಗೆ ಶಾಕ್ ತಡೆಯುವ ಬ್ರೇಕರ್ ಹಾಕಿಸದೆ ಕೆಲಸ ಶುರುಮಾಡಬೇಡಿ. ಒದ್ದೆ ಕೈ, ಒದ್ದೆ ನೆಲ, ಬರಿಗಾಲು ಮೂರೂ ಸೇರುವ ಜಾಗ ಇದು.

ಒಣ ಸೀಮೆಯಲ್ಲಿ ರಾತ್ರಿಯೇ ದೊಡ್ಡ ಆಸರೆ. ಸಂಜೆ ಹಾಲು ಹಾಕಿ ಬಂದ ಮೇಲೆ ಕಿಟಕಿ ಬಾಗಿಲು ತೆರೆದು, ಸೊಳ್ಳೆ ಪರದೆ ಮಾತ್ರ ಬಿಟ್ಟು, ಬೆಳಗ್ಗೆ ಬಿಸಿಲೇರುವ ಮೊದಲು ಮುಚ್ಚಿ. ಹಗಲು ಗೋಣಿಯ ಕಿಟಕಿಯೊಂದೇ ತೆರೆದಿರಲಿ. ಕೋಣೆಯನ್ನು ಪೂರ್ತಿ ಮುಚ್ಚಿಡಬೇಡಿ. ಅಣಬೆಯೂ ನಮ್ಮಂತೆ ಉಸಿರಾಡುತ್ತದೆ. ಕೆಟ್ಟ ಗಾಳಿ ತುಂಬಿದರೆ ಕಾಂಡ ಉದ್ದವಾಗಿ, ಕೊಡೆ ಚಿಕ್ಕದಾಗಿ ಬರುತ್ತದೆ.

ಚೀಲ ಬೆಳ್ಳಗಾಗುವವರೆಗೆ, ಅಂದರೆ ಹದಿನೈದು ಇಪ್ಪತ್ತು ದಿನ, ನೀರು ಗೋಡೆಗೆ ಮತ್ತು ನೆಲಕ್ಕೆ ಮಾತ್ರ. ಮೊಗ್ಗು ಬಂದ ಮೇಲೆ ಮಂಜಿನಂತೆ ಚಿಮುಕಿಸಿ. ಕೊಡೆಯ ಮೇಲೆ ನೀರು ನಿಂತರೆ ಹಳದಿ ಕಲೆ ಬಿದ್ದು ಕೊಳೆಯುತ್ತದೆ. ಕೊಡೆಯ ಅಂಚು ಮೇಲಕ್ಕೆ ಮಡಿಚುವ ಮೊದಲೇ ಕೊಯ್ಯಿರಿ. ತಡಮಾಡಿದರೆ ಬಿಳಿ ಪುಡಿ ಉದುರಿ, ಉಸಿರಾಟದ ತೊಂದರೆ ಇರುವವರಿಗೆ ಕೆಮ್ಮು ಬರುತ್ತದೆ. ಕೋಣೆಗೆ ಹೋಗುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಇನ್ನು ಹುಲ್ಲಿನ ಮಾತು

ಒಂದು ಕಿಲೋ ಒಣ ಹುಲ್ಲಿಗೆ ಅರ್ಧದಿಂದ ಮುಕ್ಕಾಲು ಕಿಲೋ ಅಣಬೆ ಸಿಕ್ಕರೆ ಒಳ್ಳೆಯ ಬೆಳೆ. ಚೀಲ ತುಂಬುವ ಮೊದಲು ಮುಂಗಾರಿನ ಹಸಿರು ಮೇವು ಕೈಗೆ ಬರುವವರೆಗೆ ಹಸುಗಳಿಗೆ ಎಷ್ಟು ಹುಲ್ಲು ಬೇಕೆಂದು ಲೆಕ್ಕ ಹಾಕಿ, ಉಳಿದದ್ದು ಮಾತ್ರ ಅಣಬೆಗೆ. ರಾಗಿ ಹುಲ್ಲನ್ನು ಮುಟ್ಟಬೇಡಿ, ಅದು ಹಸುವಿನದು.

ಕೊಯ್ಲು ಮುಗಿದ ಹುಲ್ಲನ್ನು ಹಸುವಿಗೆ ಹಾಕಬಹುದೇ ಎಂದು ಬಹಳ ಜನ ಕೇಳುತ್ತೀರಿ. ಹುಲ್ಲನ್ನು ಬರೀ ಬಿಸಿನೀರಿನಲ್ಲಿ ಬೇಯಿಸಿದ್ದರೆ, ಚೀಲ ಕೊನೆಯವರೆಗೂ ಬೆಳ್ಳಗಿದ್ದರೆ, ಕೆಟ್ಟ ವಾಸನೆ ಇಲ್ಲದಿದ್ದರೆ, ಬಿಸಿಲಿನಲ್ಲಿ ಒಣಗಿಸಿ ದಿನದ ಮೇವಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆಸಬಹುದು. ಇದು ಪಶು ಆಹಾರಕ್ಕೆ ಬದಲಿಯಲ್ಲ, ಕರುಗಳಿಗೆ, ಗಬ್ಬದ ಹಸುವಿಗೆ ಬೇಡ. ಬೂಷ್ಟು ತಡೆಯಲು ಕಾರ್ಬೆಂಡಜಿಮ್, ಫಾರ್ಮಲಿನ್ ಬೆರೆಸಿದ ನೀರಿನಲ್ಲಿ ಹುಲ್ಲು ನೆನೆಸುವ ಪದ್ಧತಿ ಇದೆ. ಹಾಗೆ ನೆನೆಸಿದ ಹುಲ್ಲು ತಿಪ್ಪೆಗೇ ಹೋಗಬೇಕು, ಗೋದಲಿಗೆ ಅಲ್ಲ. ಹಸಿರು, ಕಪ್ಪು ಬೂಷ್ಟು ಹಿಡಿದ ಚೀಲವೂ ಅಷ್ಟೇ. ಬೂಷ್ಟಿನ ವಿಷ ಹಸುವಿನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಹಾಲಿಗೂ ಇಳಿಯುತ್ತದೆ. ಆ ಹಾಲನ್ನು ಮೊದಲು ಕುಡಿಯುವವರು ನಿಮ್ಮ ಮನೆಯ ಮಕ್ಕಳು.

ಚೀಲದ ಪ್ಲಾಸ್ಟಿಕ್ಕನ್ನು ಹುಲ್ಲಿನಿಂದ ಚೂರೂ ಬಿಡದೆ ಬೇರ್ಪಡಿಸಿ, ಕಟ್ಟಿದ ದಾರವನ್ನೂ ಲೆಕ್ಕ ಮಾಡಿ ತೆಗೆಯಿರಿ. ಹಸುವಿನ ಹೊಟ್ಟೆ ಕೊಯ್ದು ಪ್ಲಾಸ್ಟಿಕ್ ಗಂಟು ತೆಗೆಯುವ ಕೆಲಸ ನಮಗೆ ಈಗಾಗಲೇ ಸಾಕಷ್ಟಿದೆ.