ಬೆತ್ತದ ಮಾತು ಸಾಕು, ಸಮಿತಿಯ ಸಭೆಗೆ ಹೋಗಿ

ಮರಾಠಿ ಪ್ರಬಲವಾಗಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದ ಧಾರವಾಡಕ್ಕೆ ಸರಕಾರಿ ಶಾಲೆಯ ಚರ್ಚೆ ಹೊಸದಲ್ಲ. ಆದರೆ ಅವಳಿನಗರದ ಪಾಲಕರ ಮಾತು ಇಂದಿಗೂ ಎಷ್ಟೋ ಸಲ ಮಾಸ್ತರರು ಬೆತ್ತ ಬಿಟ್ಟದ್ದೇ ತಪ್ಪಾಯಿತೆಂಬಲ್ಲಿಗೆ ಬಂದು ನಿಲ್ಲುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲದೆ ಮಾನಸಿಕ ಕಿರುಕುಳವನ್ನೂ, ಅಂದರೆ ನಾಲ್ವರೆದುರು ಹೀಯಾಳಿಸಿ ಮಗುವನ್ನು ಕುಗ್ಗಿಸುವಂಥ ನಡತೆಯನ್ನೂ, ನಿಷೇಧಿಸಿರುವುದರಿಂದ ಆ ವಾದ ಅಲ್ಲಿಗೇ ಮುಗಿಯಬೇಕು.

ಒಬ್ಬರೇ ಶಿಕ್ಷಕರು ಎರಡು ಇಯತ್ತೆಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ನಾಲ್ಕನೆಯವರಿಗೆ ಕರಿಹಲಗೆಯ ಮೇಲೆ ಭಾಗಾಕಾರ ಬರೆಯುತ್ತಿರುವಾಗ ಬೆನ್ನ ಹಿಂದೆ ಐದನೆಯವರು ಎಬ್ಬಿಸುವ ಗದ್ದಲವನ್ನು ಅಶಿಸ್ತೆನ್ನುವುದು ಅನ್ಯಾಯ. ಅದು ಶಿಕ್ಷಕರ ಕೊರತೆ.

ರಾಜಾ ರಾಮಣ್ಣ ಕಾರ್ಯಪಡೆಯ ಶಿಫಾರಸಿನ ಮೇರೆಗೆ 2001ರಲ್ಲಿ ರೂಪುಗೊಂಡ ಎಸ್‌ಡಿಎಂಸಿ, ಅರ್ಥಾತ್ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಬಹುಮಟ್ಟಿಗೆ ಪಾಲಕರದೇ ಆಗಿದ್ದು, ಶಾಲೆಯ ಅಭಿವೃದ್ಧಿ ಯೋಜನೆ ಸಿದ್ಧಪಡಿಸುವ, ಅನುದಾನದ ಬಳಕೆಯನ್ನು ಗಮನಿಸುವ ಅಧಿಕಾರ ಅದಕ್ಕಿದೆ. ಸಹಿ ಹಾಕಿ ಚಹಾ ಕುಡಿದು ಏಳುವ ಸಭೆಗಳಲ್ಲಿ (ಅಂಥವೇನು ಕಡಿಮೆಯಿಲ್ಲ) ಆ ಅಧಿಕಾರ ಕಾಗದದಲ್ಲೇ ಉಳಿಯುತ್ತದೆ. ಪಾಲಕರು ಮುಂದಿನ ಸಭೆಯಲ್ಲಿ ಖಾಲಿ ಹುದ್ದೆಯ ವಿಷಯವನ್ನು ಠರಾವಿಗೆ ಸೇರಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಗೆ ಮನವಿ ಸಲ್ಲಿಸಿ, ಸ್ವೀಕೃತಿಯ ಪ್ರತಿಯನ್ನು ತಪ್ಪದೆ ಪಡೆದುಕೊಳ್ಳಲಿ.